ಖಾರದ ಡಬ್ಬಿ ಮತ್ತು ಎರಡು ಸ್ವಾತಂತ್ರ್ಯಗಳು

ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಒಂದು ಗುಂಡನೆಯ ಗುರುತಿದೆ. ಅದು ಒಂದು ಸ್ಟೀಲಿನ ಡಬ್ಬಿ ವರ್ಷಾನುಗಟ್ಟಲೆ ತಿಂಗಳಿಗೊಮ್ಮೆ ಬಂದು ಕುಳಿತು ಮೂಡಿಸಿದ ಮುದ್ರೆ. ಓದುಗ ಮಹಾಶಯರೇ, ಆ ಡಬ್ಬಿ ಒಂದು ಸಾಮ್ರಾಜ್ಯವನ್ನೇ ಆಳಿತ್ತು ಎಂದರೆ ನೀವು ನಕ್ಕೀರಿ. ನಗಿ, ಅಡ್ಡಿಯಿಲ್ಲ.

ನಾನು ಬಸವಕಲ್ಯಾಣದ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವವನು. ವಸಾಹತುಗಳು ಸಾಮ್ರಾಜ್ಯದ ಹಿಡಿತದಿಂದ ಕಳಚಿಕೊಳ್ಳುವ ಅಧ್ಯಾಯ ಬಂದರೆ ನನಗೆ ಎಲ್ಲಿಲ್ಲದ ಉತ್ಸಾಹ. ಅಮೆರಿಕದವರು ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದದ್ದನ್ನೂ ನಮ್ಮವರು ಕಡಲ ದಂಡೆಯಲ್ಲಿ ಹಿಡಿ ಉಪ್ಪನ್ನೆತ್ತಿಕೊಂಡದ್ದನ್ನೂ ಕೈ ಬೀಸಿ ವರ್ಣಿಸುತ್ತ, ಎಂಥ ಚಕ್ರಾಧಿಪತ್ಯವೂ ಕಡೆಗೆ ಎಡವುವುದು ಅಡುಗೆಮನೆಯ ಸಾಮಾನಿಗೇ ಎಂದು ವಿದ್ಯಾರ್ಥಿಗಳನ್ನು ನಗಿಸುತ್ತಿದ್ದೆ. ನನ್ನ ಮನೆಯಲ್ಲೇ ಅಂಥದೊಂದು ಆಳ್ವಿಕೆ ನಡೆದಿದೆ ಎಂಬುದು ಮಾತ್ರ ಈ ಪಂಡಿತೋತ್ತಮನಿಗೆ ಹೊಳೆದಿರಲಿಲ್ಲ.

ಮಗಳು ಶೋಭಾಳನ್ನು ಹುಮನಾಬಾದಿಗೆ ಕೊಟ್ಟಿದ್ದೇವೆ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಖಾರದ ಪುಡಿ ಕುಟ್ಟಿಸುವಾಗ ನನ್ನ ಹೆಂಡತಿ ಮಗಳ ಪಾಲನ್ನೂ ಸೇರಿಸಿಯೇ ಕುಟ್ಟಿಸುತ್ತಿದ್ದಳು. ಆದರೆ ಒಮ್ಮೆಗೇ ಕೊಡುತ್ತಿರಲಿಲ್ಲ. ತಿಂಗಳಿಗೊಂದು ಡಬ್ಬಿ ಮಾತ್ರ. ಹೆಚ್ಚು ಕೊಟ್ಟರೆ ಹುಮನಾಬಾದಿನ ಹವೆಗೆ ಖಾರದ ವಾಸನೆ ಹಾರಿಹೋಗುತ್ತದೆ ಎಂಬುದು ಆಕೆ ಹೊರಡಿಸಿದ ರಾಜಾಜ್ಞೆ. ಹೀಗಾಗಿ ಡಬ್ಬಿ ಬರಿದಾದಾಗಲೆಲ್ಲ ಮಗಳು ಅದನ್ನು ಹಿಡಿದು ಬಸ್ಸು ಹತ್ತಬೇಕು. ಒಬ್ಬರ ಪಾತ್ರೆಯನ್ನು ಖಾಲಿ ಮರಳಿಸುವ ಪದ್ಧತಿ ನಮ್ಮಲ್ಲಿ ಇಲ್ಲವಾದ್ದರಿಂದ ಅದರ ತಳದಲ್ಲಿ ಒಂದು ಮುಷ್ಟಿ ಸಕ್ಕರೆ ಇರುತ್ತಿತ್ತು. ಅದನ್ನು ಕಪ್ಪಕಾಣಿಕೆ ಎಂದು ಕರೆದು ನಾನು ಬೈಸಿಕೊಂಡಿದ್ದೇನೆ.

ಈ ಸಲ ಆಗಸ್ಟಿನ ಬಾವುಟದ ದಿನ ಶೋಭಾ ತಂದ ಡಬ್ಬಿಯನ್ನು ತೆರೆದರೆ ಕಂಠಮಟ್ಟ ಖಾರ. ಹುಮನಾಬಾದಿನ ನೆರೆಮನೆಯ ನಸ್ರೀನ್ ಆಪಾಳ ಜೊತೆಗೂಡಿ ಬೇಸಿಗೆಯಲ್ಲಿ ತಾನೇ ಕುಟ್ಟಿಸಿದ್ದಳಂತೆ.

"ನಿಂದೇ ಅಳತಿ ಅವ್ವಾ. ಕೊತ್ತಂಬರಿ ಅಷ್ಟ ಒಂಚೂರು ಜಾಸ್ತಿ ಹಾಕೀನಿ, ನಮ್ಮ ಮನ್ಯಾಗ ಹಂಗ ಬೇಕು" ಎಂದಳು.

ಹೆಂಡತಿ ಚಿಟಿಕೆ ಖಾರವನ್ನು ನಾಲಿಗೆಗಿಟ್ಟುಕೊಂಡು "ಛಲೋ ಆಗೇದ" ಎಂದಳು. ಮಗಳು ಹೊರಟುಹೋದ ಮೇಲೆ ಮಾತ್ರ, ಅವಳು ಬಿಟ್ಟುಹೋದ ಡಬ್ಬಿಯನ್ನು ಹಲಗೆಯ ಮೇಲಿಟ್ಟು ಅದನ್ನೇ ನೋಡುತ್ತ ಕುಳಿತಳು. ಸ್ವರಾಜ್ಯದ ಮಹತ್ವವನ್ನು ವಿವರಿಸೋಣವೆಂದು ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ, "ಖಾರದ ಮಾತಲ್ರೀ ಇದು. ಇನ್ನ ಆಕಿ ಯಾತಕ್ಕ ಬರ್ತಾಳ?" ಎಂದಳು. ಆ ರಾಜಾಜ್ಞೆ ತಿಂಗಳಿಗೊಮ್ಮೆ ಮಗಳ ಮುಖ ನೋಡಲು ಹೂಡಿದ ಉಪಾಯವೆಂದು ನನಗೆ ಆಗ ತಿಳಿಯಿತು. ಬಿಡುಗಡೆಯ ಹರ್ಷವನ್ನು ಅಷ್ಟು ಬಣ್ಣಿಸುವ ನಾನು ಹಿಂದೆ ಉಳಿದವರ ಮನೆಯ ಕಡೆ ಕಣ್ಣು ಹಾಯಿಸಿದ್ದೇ ಇಲ್ಲ.

ನಮ್ಮ ಭಾಗದಲ್ಲಿ ಸ್ವಾತಂತ್ರ್ಯಕ್ಕೆಂದು ಬಾವುಟ ವರ್ಷಕ್ಕೆರಡು ಸಲ ಏರುತ್ತದೆ. ಆಂಗ್ಲರು ಹೋದ ಮೇಲೂ ನಿಜಾಮರ ಆಳ್ವಿಕೆಯಿಂದ ಬಿಡಿಸಿಕೊಳ್ಳಲು ನಮಗೆ ವರ್ಷಕ್ಕೂ ಹೆಚ್ಚು ಹಿಡಿಯಿತಲ್ಲ, ಆ ಎರಡನೆಯದು ಸೆಪ್ಟೆಂಬರಿನಲ್ಲಿ. ಅಂದು ಕಾಲೇಜಿನಲ್ಲಿ ಬಾವುಟಕ್ಕೆ ವಂದಿಸಿ, ಬೂಂದಿ ಮೆದ್ದು ಮನೆಗೆ ಬಂದರೆ ಬಾಗಿಲಲ್ಲಿ ಶೋಭಾಳ ಚಪ್ಪಲಿ.

"ಖಾರ ಮುಗೀತೇನವಾ?" ಎಂದು ಹೆಂಡತಿ ಕೇಳುತ್ತಿದ್ದಳು. ಆಕೆಯ ದನಿಯಲ್ಲಿ ಆಸೆ ಇತ್ತು.

"ಖಾರ ಭಾಳ ಅದ ಅವ್ವಾ. ಸುಮ್ಮ ಬಂದೀನಿ, ನಿನ್ನ ನೋಡಾಕ."

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿ, "ನಿಂತು ಏನ್ ನೋಡಾಕತ್ತೀರಿ? ಹಾಲ ತರ್ರಿ" ಎಂದು ಗದರಿದಳು. ಹಳೆಯ ದರ್ಪವೆಲ್ಲ ಮರಳಿದ್ದನ್ನು ಕಂಡು ನನಗೆ ಪರಮಾನಂದವಾಯಿತು.

ಹಾಲು ತಂದು ಒಳಹೊಕ್ಕಾಗ ಆಕೆ ಆಗಸ್ಟಿನಲ್ಲಿ ಮಗಳು ಬಿಟ್ಟುಹೋಗಿದ್ದ ಡಬ್ಬಿಯಲ್ಲಿ ಉಳಿದಿದ್ದ ಖಾರವನ್ನು ಅವಸರವಸರವಾಗಿ ಭರಣಿಗೆ ಸುರಿಯುತ್ತಿದ್ದಳು. ನಾನು ಕಂಡೂ ಕಾಣದವನಂತಿದ್ದೆ. ಸಂಜೆ ಶೋಭಾ ಹೊರಡುವಾಗ ಡಬ್ಬಿಯನ್ನು ಅವಳ ಕೈಗಿಟ್ಟು, "ನಿನ್ನ ಖಾರ ತೀರೇದ ನೋಡು. ಮುಂದಿನ ತಿಂಗಳ ತುಂಬಿಕೊಂಡು ಬಾ" ಎಂದಳು. ಮಗಳು ಭರಣಿಯ ಕಡೆಗೊಮ್ಮೆ ನೋಡಿ, ನಕ್ಕು, "ತರ್ತೀನಿ ಬಿಡವ್ವಾ" ಎಂದಳು.

ಈಗ ಹಲಗೆಯ ಮೇಲೆ ಆ ಗುಂಡನೆಯ ಗುರುತಷ್ಟೇ ಇದೆ, ಅಲ್ಲಿ ಬೇರೇನನ್ನೂ ಇಡಲು ನನಗೆ ಅಪ್ಪಣೆಯಿಲ್ಲ. ಡಬ್ಬಿ ಹುಮನಾಬಾದಿನಲ್ಲಿದೆ. ಹೋಗುವಾಗ ಅದರ ತಳದಲ್ಲಿ ಒಂದು ಮುಷ್ಟಿ ಸಕ್ಕರೆ ಇತ್ತು. ಹಾಕಿದವಳು ನನ್ನ ಹೆಂಡತಿ.