ಬೀಗ ಹಾಕಿದ ಕೋಣೆಯ ಚಿತ್ರ

ಜನರಿಲ್ಲದ ಕೋಣೆಗಳ ಚಿತ್ರ ಬರೆಯುವ ಹುಚ್ಚು ತ್ರಿವೇಣಿಗೆ. ಹಿಂದೂಪುರದ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಸಂಜೆ ಕ್ಯಾನ್ವಾಸಿನ ಮುಂದೆ ಕೂತರೆ ಅಡುಗೆಮನೆ, ಒರಳು, ಹಗ್ಗದ ಮೇಲಿನ ಸೀರೆ. ಎಲ್ಲವೂ ತಮ್ಮ ಮನೆಯದೇ. ಕಲ್ಯಾಣದುರ್ಗದಿಂದ ಮದುವೆಯಾಗಿ ಬಂದಿದ್ದ ಅವಳ ತಾಯಿ ಕೃಷ್ಣವೇಣಿ, "ನನ್ನ ಮಸಿಬಟ್ಟೇನೂ ಬಿಡ್ಲಿಲ್ವೇನೇ, ಮಾನಗೇಡಿ!" ಎಂದು ನಗುತ್ತಿದ್ದಳು.

ಆ ತಾಯಿ ಹೋದದ್ದು ಕೆಟ್ಟ ನಕ್ಷತ್ರದಲ್ಲಿ. ಅಂಥ ಸಾವಾದರೆ ಆರು ತಿಂಗಳು ಮನೆ ಬಿಡಬೇಕು. ಒಳಗೆ ಹೋದವರನ್ನೂ ಸಾವು ಕರೆದೊಯ್ಯುತ್ತದೆಂಬ ನಂಬಿಕೆ. ತಂದೆ ಲಕ್ಷ್ಮಣಪ್ಪ ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, ಮಗಳೊಂದಿಗೆ ಹಿಂದಿನ ಬೀದಿಯ ಬಾಡಿಗೆ ಮನೆ ಸೇರಿದರು. ಅವಧಿ ಮುಗಿದೊಡನೆ ಶಾಂತಿ ಮಾಡಿಸಿ, ಹಳೆಯದನ್ನೆಲ್ಲ ಹೊರಗೆ ಹಾಕಿ ಸುಣ್ಣ ಬಳಿಸುವುದೆಂದು ತೀರ್ಮಾನವಾಯಿತು.

ತ್ರಿವೇಣಿಗೆ ಎದೆ ಒಡೆದುಹೋಯಿತು. ಅಮ್ಮ ಪ್ರಾಣ ಬಿಟ್ಟ ಕೋಣೆಯನ್ನು ಅವಳು ಬಿಟ್ಟುಹೋದ ಹಾಗೆಯೇ ಬರೆದಿಡಬೇಕಿತ್ತು. "ಒಂದೇ ಒಂದ್ಸಲ ನೋಡ್ಕೊಂಡು ಬತ್ತೀನಪ್ಪ" ಎಂದು ಬೇಡಿದಳು.

"ನಿನ್ನೂ ಕಳ್ಕೊಂಡು ನಾನಿರಬೇಕಾ? ಹೋದ್ರೆ ನನ್ನ ಮೇಲಾಣೆ!" ಎಂದರು ಲಕ್ಷ್ಮಣಪ್ಪ.

ಬೀಗದ ಮನೆಯ ಪಕ್ಕದ ಮುನಿಯಕ್ಕ ಬೇರೆ ಬೆಂಕಿಗೆ ತುಪ್ಪ ಸುರಿದಳು. "ಮಟಮಟ ಮಧ್ಯಾಹ್ನ ಒಳಗೆ ಮಂಚ ಕಿರ್ ಅಂತದೆ ಕಣಮ್ಮ. ದೆವ್ವ, ದೆಯ್ಯಂ ಅಲ್ದೆ ಇನ್ನೇನು? ನಿಮ್ಮವ್ವ ಇನ್ನೂ ಹೋಗಿಲ್ಲ." ಅಂದಿನಿಂದ ಆ ಬಾಗಿಲ ಮುಂದೆ ಹಾಯುವಾಗಲೆಲ್ಲ ತ್ರಿವೇಣಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಹೆದರಿಕೆಯೂ ಆಗುತ್ತಿತ್ತು, ಹೊಟ್ಟೆಕಿಚ್ಚೂ. ಮುನಿಯಕ್ಕನಿಗೆ ಕೇಳಿಸುವ ಅಮ್ಮ ತನಗೇಕೆ ಕೇಳಿಸಳು?

ಕೊನೆಗೆ ನೆನಪಿನಿಂದಲೇ ಬರೆದಳು. ಕಿಟಕಿ, ಗೂಡಿನಲ್ಲಿ ಔಷಧದ ಸೀಸೆ, ಗೋಡೆಗೆ ಒರಗಿಸಿದ ಮಂಚ. ಹೆಣ ಸಾಗಿಸಿದ ಮೇಲೆ ಮಂಚವನ್ನು ಎತ್ತಿ ನಿಲ್ಲಿಸಿದ್ದನ್ನು ಅವಳೇ ಕಂಡಿದ್ದಳು. ಲಕ್ಷ್ಮಣಪ್ಪ ಬಹಳ ಹೊತ್ತು ಚಿತ್ರ ನೋಡಿದರು.

"ಎಲ್ಲಾ ಸರಿಯಾಗದೆ. ಮಂಚ ಮಾತ್ರ ಹಿಂಗಿಲ್ಲ. ಕಿಟಕಿ ಕೆಳಗೆ ಹಾಕದೆ, ದಿಂಬೂ ಅಲ್ಲೇ ಅದೆ" ಎಂದರು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು. ದಿನಾ ಮಧ್ಯಾಹ್ನ ಊಟವಾದೊಡನೆ "ಅರಳಿಕಟ್ಟೆಗೆ ಹೋಯ್ತೀನಿ" ಎಂದು ಹೊರಡುತ್ತಿದ್ದ ಅಪ್ಪ ಎಲ್ಲಿಗೆ ಹೋಗುತ್ತಿದ್ದರೆಂದು ತ್ರಿವೇಣಿಗೆ ಈಗ ತಿಳಿಯಿತು. ಸಿಟ್ಟು ನೆತ್ತಿಗೇರಿತು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನಂಗಾಯ್ತು! ನನಗೆ ಆಣೆ ಇಟ್ಟು ನೀನು ಹೋಯ್ತಿದ್ದೀಯಾ? ನಿನ್ನೂ ಕರ್ಕೊಂಡೋಗಿದ್ರೆ ನಾನೇನ್ ಮಾಡ್ಲಿ?"

"ಕರ್ಕೊಂಡೋಗ್ಲಿ ಅಂತಾನೇ ಮಲಗ್ತಿದ್ದೆ ಕಣಮ್ಮ" ಎಂದರು ಲಕ್ಷ್ಮಣಪ್ಪ. "ಒಂದು ದಿನಾನೂ ಬರ್ಲಿಲ್ಲ ಅವಳು."