ಪದ್ದತ್ತೆಯ ಗಿಳಿಹಸಿರು

ಆ ಶನಿವಾರ ಎದ್ದ ಕೂಡಲೇ ಹಾಸಿಗೆಗಳನ್ನು ಬಾಲ್ಕನಿಯ ಕಂಬಿಯ ಮೇಲೆ ಬಿಸಿಲಿಗೆ ಹಾಕಿದೆ. ಸುಡುವ ಕಸವನ್ನೂ ಪ್ಲಾಸ್ಟಿಕ್ ಕಸವನ್ನೂ ಬೇರೆ ಬೇರೆ ಚೀಲಗಳಲ್ಲಿ ಕಟ್ಟಿಟ್ಟೆ. ಇವರ ಆಫೀಸಿನ ಶರಟುಗಳಿಗೆ ಇಸ್ತ್ರಿ ಹಾಕಿದೆ. ಕರಿಬೇವಿನ ಕುಂಡಕ್ಕೆ ನೀರು ಹಾಕಿದೆ. ಜಪಾನಿನ ಈ ನಗೋಯಾದ ಬೇಸಿಗೆಗೆ ಅದು ಒಗ್ಗಿಕೊಂಡಿದೆ, ಚಳಿಗಾಲಕ್ಕೆ ಮಾತ್ರ ಇನ್ನೂ ಮುನಿಸು. ಊರಿಂದ ಬಂದ ಸಾರಿನಪುಡಿಯನ್ನು ಬಾಟಲಿಗೆ ತುಂಬಿ, ಮುಚ್ಚಳಕ್ಕೆ ಅಂಟಿದ್ದ ಪುಡಿಯನ್ನು ಒರೆಸುತ್ತಾ ನಿಂತಿದ್ದೆ. ಬಡಾವಣೆಯ ಬೇಸಿಗೆ ಹಬ್ಬಕ್ಕೆ ಹೋಗಿದ್ದ ಮಗಳು ಅನ್ವಿ ಅಷ್ಟರಲ್ಲಿ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾಲಿಗೆ ಚಾಚಿದಳು. ಹೆರೆದ ಮಂಜುಗಡ್ಡೆಯ ಮೇಲೆ ಸ್ಟ್ರಾಬೆರಿ ಪಾಕ ಸುರಿದು ಕೊಡುತ್ತಾರಲ್ಲ, ಅದನ್ನು ತಿಂದು ಬಂದಿದ್ದಳು. "ಅಮ್ಮಾ, ಮಿತೆ, ಮಿತೆ, ನೋಡು. ಫುಲ್ ಪಿಂಕ್" ಎಂದಳು.

ಆ ಗುಲಾಬಿ ನಾಲಿಗೆಯನ್ನು ನಾನು ಮೊದಲೂ ನೋಡಿದ್ದೆ. ಕುಂಚ ಬಾಯಿಗಿಟ್ಟು ತುದಿಯಲ್ಲಷ್ಟೇ ಬಣ್ಣ ಕೂತ ನಾಲಿಗೆ, ನಮ್ಮ ಪದ್ದತ್ತೆಯದು. ಅದು ನೆನಪಾದದ್ದೇ ತಡ ಒರೆಸುತ್ತಿದ್ದ ಬಟ್ಟೆ ಬಿಟ್ಟು ಫೋನ್ ಹುಡುಕಿದೆ. ಪದ್ದತ್ತೆ ಕೈಯಾರೆ ಬಣ್ಣ ಹಚ್ಚಿದ ಫೋಟೋಗಳಲ್ಲಿ ನಮ್ಮ ಪಾಲಿಗೆ ಉಳಿದದ್ದು ಒಂದೇ ಒಂದು. ಚೌಕಟ್ಟಿನ ಗಾಜಿಗೆ ಕಚ್ಚಿಕೊಂಡುಬಿಟ್ಟಿದ್ದ ಆ ಫೋಟೋವನ್ನು ಬಿಡಿಸಿಕೊಡಿ ಎಂದು ಮೊರಿತಾ ಸಾನ್ ಎಂಬ ಹಿರಿಯ ಹೆಂಗಸಿನ ಕೈಗೆ ಕೊಟ್ಟಿದ್ದೆ. ಶನಿವಾರ ಮಧ್ಯಾಹ್ನ ನೀರಿನಲ್ಲಿ ನೆನೆಹಾಕುತ್ತೇನೆ ಎಂದಿದ್ದರು. ಎಣ್ಣೆಬಣ್ಣವಾದರೆ ನೀರಿಗೆ ಹೆದರುವುದಿಲ್ಲ. ನೀರಿನ ಬಣ್ಣವಾದರೆ ಎಲ್ಲವೂ ತಟ್ಟೆಯೊಳಗೆ ಕರಗಿಹೋಗುತ್ತದೆ. ಅವರು ಕೇಳಿದಾಗ ನಾನು ಎಣ್ಣೆಬಣ್ಣ ಎಂದಿದ್ದೆ. ಎಣ್ಣೆಬಣ್ಣದ ಕುಂಚವನ್ನು ಯಾರಾದರೂ ಬಾಯಿಗಿಟ್ಟುಕೊಳ್ಳುತ್ತಾರೆಯೇ? ಫೋನ್ ಮಾಡಿದೆ. ಅದು ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅಷ್ಟು ಹೊತ್ತೂ ನಾನು ಅರಸೀಕೆರೆಯಲ್ಲಿದ್ದೆ.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಮ್ಮ ಮನೆಯ ಮುಂಭಾಗ ಸ್ಟುಡಿಯೋ, ಹಿಂಭಾಗ ಸಂಸಾರ. ನಡುವೆ ಒಂದು ಕರಿಯ ಪರದೆ. ಆಚೆ ಕಡೆ ಅಜ್ಜ ಗಿರಾಕಿಗಳ ಗಲ್ಲವನ್ನು ಎರಡು ಬೆರಳಿನಿಂದ ಎತ್ತಿ ಕೂರಿಸುತ್ತಿದ್ದರು. ಈಚೆ ಕಡೆ ಅಮ್ಮ ಒಗ್ಗರಣೆ ಹಾಕಿದರೆ ಮೆಣಸಿನಕಾಯಿ ಘಾಟಿಗೆ ಮದುಮಕ್ಕಳು ಸೀನಿ ಫೋಟೋ ಅಲುಗಾಡುತ್ತಿತ್ತು. ಹಾಗಾಗಿ ಅಜ್ಜ ಪ್ರತಿ ಸಲವೂ ಕರಿಬಟ್ಟೆಯೊಳಗಿಂದಲೇ, "ಒಗ್ಗರಣೆ ಮುಗೀತೇನಮ್ಮಾ? ಒತ್ಲಾ?" ಎಂದು ಕೇಳಿ, ಒಳಗಿನಿಂದ "ಒತ್ತಿ ಮಾವ" ಎಂದ ಮೇಲೆಯೇ ಗುಂಡಿ ಒತ್ತುವುದು. ಹಿನ್ನೆಲೆಯ ಪರದೆಯನ್ನು ಅಜ್ಜನೇ ಬರೆದಿದ್ದರು. ಅಮೃತಶಿಲೆಯ ಮೆಟ್ಟಿಲು, ಕೊಳ, ಕೊಳದಲ್ಲಿ ಬಾತುಕೋಳಿಯಂತೆ ಕಾಣುವ ಹಂಸ. ಪ್ರತಿ ವರ್ಷ ಮದುವೆ ಸೀಸನ್ನಿಗೆ ಮುಂಚೆ ಅದಕ್ಕೆ ಹೊಸ ಬಣ್ಣ ಬಳಿಯುತ್ತಿದ್ದರು. ಆಗ ತಿಂಗಳುಗಟ್ಟಲೆ ಅಗಸೆ ಎಣ್ಣೆಯ ವಾಸನೆ ನಮ್ಮ ಹಾಸಿಗೆಗೂ ಅನ್ನಕ್ಕೂ ಶಾಲೆಯ ಚೀಲಕ್ಕೂ ಹತ್ತಿಕೊಳ್ಳುತ್ತಿತ್ತು. ಬಣ್ಣ ಎಂದರೆ ಆ ವಾಸನೆ ಎಂದೇ ನನ್ನ ಮೂಗು ಕಲಿತಿತ್ತು. ಮೊರಿತಾ ಸಾನ್ ಕೇಳಿದಾಗ ಉತ್ತರ ಕೊಟ್ಟದ್ದು ಆ ಮೂಗೇ.

ಪದ್ದತ್ತೆ ನಮ್ಮಪ್ಪನ ಅಕ್ಕ. ಮದುವೆಯ ಮಾತು ಬಂದಾಗಲೆಲ್ಲ "ಈ ಸೀಸನ್ ಒಂದು ಮುಗೀಲಿ" ಎನ್ನುತ್ತಿದ್ದರು. ಊರಿನವರ ಮದುವೆ ಸೀಸನ್ ಎಲ್ಲಿ ಮುಗಿಯಬೇಕು, ಹಾಗೇ ಉಳಿದರು. ಕಿಟಕಿಯ ಪಕ್ಕದ ಇಳಿಜಾರು ಮೇಜು ಅವರದು. ಅಲ್ಲಿ ಚಿಕ್ಕ ಚಿಕ್ಕ ಸೀಸೆಗಳು, ಕಿವಿ ಮುರಿದ ಒಂದು ಪಿಂಗಾಣಿ ಬಟ್ಟಲು, ಕಡ್ಡಿಗೆ ಸುತ್ತಿದ ಹತ್ತಿ. ಕಪ್ಪುಬಿಳುಪಿನ ಹುಡುಗಿಯರು ಆ ಮೇಜಿಗೆ ಬಂದು ಕೆನ್ನೆ ಕೆಂಪಾಗಿಸಿಕೊಂಡು, ಬಳೆ ತೊಟ್ಟು, ಕುಂಕುಮ ಇಟ್ಟುಕೊಂಡು ಹೋಗುತ್ತಿದ್ದರು. ರೈಲ್ವೆ ಗಾರ್ಡ್ ಒಬ್ಬರ ಹೆಂಡತಿ ಬಂದು, "ಪದ್ಮಾವತಮ್ಮ, ನಮ್ಮೆಜಮಾನ್ರು ಕೊಡ್ಸಿರೋದು ಬರೀ ನೂಲಿನ ಸೀರೆ. ನೀವಾದ್ರೂ ಒಂದು ರೇಷ್ಮೆ ಉಡ್ಸಿ" ಎಂದಿದ್ದು ನನಗೆ ಚೆನ್ನಾಗಿ ನೆನಪಿದೆ. ಅತ್ತೆ ತಲೆ ಎತ್ತದೆ, "ಜರಿ ಎಷ್ಟು ಬೆರಳಿರ್ಲಿ?" ಎಂದು ಕೇಳಿದ್ದರು. ಆಕೆ ನಕ್ಕು, ಬಟ್ಟೆ ಅಂಗಡಿಗೆ ಹೋಗುವ ಬದಲು ಇನ್ನು ಇಲ್ಲಿಗೇ ಬರುತ್ತೇನೆ ಎಂದಳು. ಆದರೆ ಅತ್ತೆ ತಾವು ಉಡುತ್ತಿದ್ದುದು ಯಾವಾಗಲೂ ಕಂದು ಸೀರೆ, ಬಣ್ಣ ಸಿಡಿದರೂ ಕಾಣುವುದಿಲ್ಲವೆಂದು. ಕೆಲಸದಲ್ಲಿ ಮುಳುಗಿದಾಗ ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡಿಕೊಳ್ಳುತ್ತಿದ್ದರು. "ಪದ್ದಕ್ಕ, ಬಾಯಿಗಿಡಬೇಡಿ, ಏನ್ ವಿಷ ಇರತ್ತೋ" ಎಂದು ಅಮ್ಮ ಗದರಿದರೆ, ಗುಲಾಬಿ ನಾಲಿಗೆಯನ್ನು ನನ್ನತ್ತ ಮಾತ್ರ ಕಾಣುವ ಹಾಗೆ ಚಾಚುತ್ತಿದ್ದರು. ಇದನ್ನು ಇಷ್ಟು ವರ್ಷ ನಾನು ಎಲ್ಲಿಟ್ಟು ಮರೆತಿದ್ದೆನೋ.

ಒಂದು ಯುಗಾದಿಗೆ ಅಜ್ಜ ನಮ್ಮನ್ನೆಲ್ಲ ಹಂಸದ ಕೊಳದ ಮುಂದೆ ನಿಲ್ಲಿಸಿ ಫೋಟೋ ತೆಗೆದರು, ಈಗ ಉಳಿದಿರುವುದು ಅದೇ. ಕುರ್ಚಿಯಲ್ಲಿ ಅಜ್ಜಿ, ಹಿಂದೆ ಅಪ್ಪ, ಅಮ್ಮ, ಪದ್ದತ್ತೆ, ಅಜ್ಜಿಯ ತೊಡೆಯ ಮೇಲೆ ನಾನು. ಅತ್ತೆ ಅದನ್ನು ಒಂದು ವಾರ ಇಟ್ಟುಕೊಂಡು ಬಣ್ಣ ಹಚ್ಚಿದರು. ಅಮ್ಮನಿಗೆ ನೇರಳೆ ರೇಷ್ಮೆ, ಅಜ್ಜಿಗೆ ಅರಿಶಿನದ್ದು, ನನ್ನ ಬರಿಗೈಗೆ ಕೆಂಪು ಬಳೆ. ತಮ್ಮ ಕಂದು ಸೀರೆಗೆ ಮಾತ್ರ ಗಿಳಿಹಸಿರು. ಅಂಥ ಸೀರೆ ಅವರ ಬಳಿ ಯಾವತ್ತೂ ಇರಲಿಲ್ಲ. ಅಪ್ಪ ನೋಡಿ, "ಏನಕ್ಕ, ಯಾವಾಗ ತಗೊಂಡೆ ಇದನ್ನ?" ಎಂದು ಕಾಡಿಸಿದರೆ, "ಹೋಗೋ, ನಿನ್ನ ದುಡ್ಡಲ್ಲೇನ್ ತಗೊಂಡಿಲ್ಲ" ಎಂದಿದ್ದರು. ಮುಂದೆ ಕಲರ್ ಫಿಲಂ ಬಂತು. ಇಳಿಜಾರು ಮೇಜಿನ ಮೇಲೆ ಈರುಳ್ಳಿ ಬುಟ್ಟಿ ಕೂತಿತು. ನಾನು ಕಾಲೇಜಿನಲ್ಲಿದ್ದಾಗ ಅತ್ತೆ ತೀರಿಕೊಂಡರು. ಆಮೇಲೆ ರಸ್ತೆ ಅಗಲ ಮಾಡುವಾಗ ಸ್ಟುಡಿಯೋ ಹೋಯಿತು, ಉಳಿದರ್ಧ ಮನೆಯನ್ನು ನಾವೇ ಬಿಟ್ಟುಬಂದೆವು. ನಿಮ್ಮ ಕಡೆಯೂ ಹೀಗೆ ಮುಂಭಾಗ ಕಳೆದುಕೊಂಡ ಮನೆಗಳಿದ್ದಾವು. ಅಡುಗೆಮನೆಯ ಗೂಡು, ದೇವರ ಗೋಡೆಯ ಬಣ್ಣ ಎಲ್ಲವೂ ಬಸ್ಸಿನಲ್ಲಿ ಹೋಗುವವರ ಕಣ್ಣಿಗೆ ಬಿದ್ದು, ಬಚ್ಚಲಲ್ಲಿದ್ದಾಗ ಯಾರೋ ಬಾಗಿಲು ತೆಗೆದಂತಾಗುತ್ತದೆ.

ಇವರ ಕಂಪನಿ ನಗೋಯಾಕ್ಕೆ ಕಳಿಸಿದ ಮೊದಲ ವರ್ಷ ನನಗೆ ಭಾಷೆ ಬಾರದು, ಗುರುತಿನವರಿಲ್ಲ. ಕಾರಿನ ಸಾಫ್ಟ್‌ವೇರಿನ ಕೆಲಸಕ್ಕೆ ಇವರು, ಶಾಲೆಗೆ ಅನ್ವಿ ಹೋದ ಮೇಲೆ, ತರಕಾರಿ ತರುವ ನೆಪದಲ್ಲಿ ಒಂದೊಂದು ಚಿತ್ರಪ್ರದರ್ಶನಕ್ಕೆ ನುಗ್ಗುವುದನ್ನು ಕಲಿತೆ. ಚಿತ್ರ ನೋಡುವುದಕ್ಕೆ ಭಾಷೆ ಬೇಡ, ಹೊರಡುವಾಗ ಥ್ಯಾಂಕ್ಸ್ ಎನ್ನುವ ಒಂದು ಅರಿಗಾತೋ ಸಾಕು. ಕಲೆಯ ಬಗ್ಗೆ ನಾನೇನೂ ಓದಿದವಳಲ್ಲ. ಆದರೂ ಕೊಯ್ದ ತರಕಾರಿಯನ್ನು ಮಾತ್ರ ಬರೆಯುವ ಒಬ್ಬರನ್ನು ಕಂಡುಕೊಂಡೆ. ಅವರ ಅರ್ಧ ಮೂಲಂಗಿಯ ಮುಂದೆ ನಿಂತಾಗ ಬಾಯಲ್ಲಿ ಖಾರ ನೀರೂರುತ್ತಿತ್ತು. ಹರಿದ ಬಟ್ಟೆಗೆ ನೀಲಿ ದಾರದಲ್ಲಿ ತೇಪೆ ಹಾಕಿ ಗೋಡೆಗೆ ತೂಗುಹಾಕುವ ಇನ್ನೊಬ್ಬಾಕೆಯ ಕೆಲಸ ನೋಡಲು ಎರಡು ರೈಲು ಬದಲಾಯಿಸಿ ಹೋದೆ. ನಮ್ಮ ವಾರ್ಡಿನ ಫೋಟೋ ಕ್ಲಬ್ಬಿನ ಪ್ರದರ್ಶನದಲ್ಲಿ ಮೊರಿತಾ ಸಾನ್ ಸಿಕ್ಕರು. ಅವರ ಫೋಟೋಗಳಲ್ಲಿ ಮನುಷ್ಯರೇ ಇಲ್ಲ, ಬಾಲ್ಕನಿಗಳಲ್ಲಿ ಒಣಹಾಕಿದ ಹಾಸಿಗೆಗಳು ಮಾತ್ರ. ಹಾಸಿಗೆಯ ತಗ್ಗು ನೋಡಿ ಮಲಗಿದವರ ಬೆನ್ನು ಗೊತ್ತಾಗುತ್ತಿತ್ತು. ಪ್ರತಿ ಫೋಟೋದ ಕೆಳಗೆ ಹೆಸರಿನ ಚೀಟಿ. ಅದನ್ನು ಓದಲು ಬಗ್ಗಿದಾಗಲೇ ನನಗೆ ಹೊಳೆದದ್ದು, ನಾನು ಇಷ್ಟು ದಿನ ಊರೆಲ್ಲ ಅಲೆದು ಹುಡುಕುತ್ತಿದ್ದುದು ಇಂಥ ಮನೆವಾರ್ತೆಯ ಕೈಗಳನ್ನೇ ಎಂದು. ಪದ್ದತ್ತೆಯನ್ನು ನಾವು ಬಣ್ಣ ಹಚ್ಚುವವರು ಎನ್ನುತ್ತಿದ್ದೆವು. ಕಲಾವಿದೆ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬಂದಿರಲಿಲ್ಲ, ಅವರ ಬಾಯಿಗಂತೂ ಇಲ್ಲವೇ ಇಲ್ಲ.

ಪರಿಚಯ ಬೆಳೆದ ಮೇಲೆ ಗಾಜಿಗೆ ಕಚ್ಚಿಕೊಂಡ ಫೋಟೋವನ್ನು ಅವರಿಗೆ ತೋರಿಸಿದೆ. ಇಲ್ಲಿನ ಮಳೆಗಾಲದ ತೇವಕ್ಕೆ ಅದು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಅಂಟುತ್ತಿತ್ತು. ಅತ್ತೆಯ ಮುಖದ ಪಕ್ಕದಲ್ಲೇ ಒಂದು ಬೂಷ್ಟಿನ ಕಲೆ ಎದ್ದಿತ್ತು. "ಅಬುರಾ? ಸುಯ್‌ಸಾಯ್?" ಎಂದು ಕೇಳಿದರು. ಅಬುರಾ ನನಗೆ ಗೊತ್ತಿದ್ದ ಪದ, ಅಡುಗೆಎಣ್ಣೆಯ ಬಾಟಲಿಯ ಮೇಲಿರುತ್ತದೆ. ಇನ್ನೊಂದು ನೀರಿನ ಬಣ್ಣ ಎಂದು ಆಮೇಲೆ ತಿಳಿಯಿತು. ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಂದೇ ಬಿಟ್ಟಿತು, "ಅಬುರಾ" ಎಂದೆ.

ಆ ಶನಿವಾರ ಎರಡನೆಯ ಸಲ ಮಾಡಿದಾಗ ಫೋನ್ ಎತ್ತಿದರು. ಹಿಂದೆ ನೀರು ಬೀಳುವ ಸದ್ದು. ಕಲಿತ ಜಪಾನೀ ಮಾತೆಲ್ಲ ನನ್ನ ತಲೆಯಿಂದ ಹಾರಿಹೋಯಿತು. "ನಮ್ಮತ್ತೆ" ಎಂದೆ. "ನಮ್ಮತ್ತೆ, ನಮ್ಮತ್ತೆ" ಎಂದಷ್ಟೇ ಬಂತು. ಆ ಕಡೆ ನಲ್ಲಿ ನಿಂತ ಸದ್ದು. ಅನ್ವಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಚಟಪಟ ಜಪಾನೀ ಭಾಷೆಯಲ್ಲಿ ಮಾತಾಡಿ, ಬಾಗಿ ಬಾಗಿ ನಮಸ್ಕಾರ ಮಾಡಿ ಇಟ್ಟಳು.

"ಓಕೆ ಅಮ್ಮ, ನೀರಲ್ಲಿ ಹಾಕಿಲ್ಲ. ಹಾಕೋಕೆ ಹೋಗಿದ್ರಂತೆ. ನೀನು ಮತ್ತೆ, ಮತ್ತೆ ಅಂದ್ಯಂತೆ, ಸೋ ಶೀ ಸ್ಟಾಪ್ಡ್."

ಜಪಾನೀ ಭಾಷೆಯಲ್ಲಿ ಮತ್ತೆ ಅಂದರೆ ತಾಳು, ನಿಲ್ಲು ಎಂದು. ಶಾಲೆಗೆ ಹೊರಡುವ ಗೆಳತಿಯರಿಗೆ ಇವಳೇ ದಿನಾ ಕಿಟಕಿಯಿಂದ ಕೂಗುವ ಮಾತು.

"ನಾನೆಲ್ಲಿ ಮತ್ತೆ ಅಂದೆ? ನಮ್ಮತ್ತೆ ಅಂದೆ ಕಣೇ."

"ಸೇಮ್ ಥಿಂಗ್" ಎಂದಳು.

ಇಬ್ಬರೂ ಸೈಕಲ್ ತುಳಿದುಕೊಂಡು ಹೋದೆವು. ಮೊರಿತಾ ಸಾನ್ ಫೋಟೋವನ್ನು ಒಣ ಟವೆಲ್ಲಿನ ಮೇಲೆ ಮಲಗಿಸಿ, ನೀರಿನ ತಟ್ಟೆಯನ್ನು ಕೋಣೆಯ ಇನ್ನೊಂದು ಮೂಲೆಗೆ ದೂಡಿದ್ದರು. ಗಾಜಿಗೆ ಅಂಟದ ಒಂದು ಅಂಚಿನಲ್ಲಿ, ಒದ್ದೆ ಹತ್ತಿಕಡ್ಡಿಯನ್ನು ಮುಟ್ಟಿಯೂ ಮುಟ್ಟದಂತೆ ಇಟ್ಟು ತೆಗೆದರು. ಹತ್ತಿಯ ತುದಿ ತಿಳಿಹಸಿರಾಗಿತ್ತು. ಮೂವರೂ ಅದನ್ನೇ ನೋಡಿದೆವು. ನಾನು ಅವರ ಚಾಪೆಯ ಮೇಲೆ ಕೂತುಬಿಟ್ಟೆ. ಅವರೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು, ತಪ್ಪು ಹೇಳಿದವಳು ನಾನಾದರೂ. ಬಿಡಿಸುವುದು ಬೇಡ, ಅಂಟಿದ್ದು ಅಂಟಿಕೊಂಡೇ ಇರಲಿ, ಗಾಜಿನ ಮೇಲಿಂದಲೇ ಅದರ ಫೋಟೋ ತೆಗೆಯೋಣ ಎಂದರು. ದೀಪಗಳನ್ನು ಓರೆಯಾಗಿಟ್ಟು, ಹೊಳಪು ಬೀಳದಂತೆ ಕರಿಬಟ್ಟೆ ಕಟ್ಟಿ, ಸಂಜೆಯವರೆಗೂ ತೆಗೆದರು.

ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೆರೆದಾಗ ಅತ್ತೆಯ ಕೆಲಸ ಕಂಡಿತು. ಹಸಿರು ಸೀರೆ ಒಂದೇ ಹಸಿರಲ್ಲ. ನೆರಿಗೆಯ ಒಳಗೆ ಕಡು, ಭುಜದ ಮೇಲೆ ಎಳೆಯದು, ಸೆರಗು ಅಮ್ಮನ ತೋಳಿಗೆ ತಾಕುವಲ್ಲಿ ನೇರಳೆಯ ನೆರಳು. ಇಲ್ಲದ ಸೀರೆಗೆ ಮಡಿಕೆಯ ಗುರುತನ್ನೂ ಬರೆದಿದ್ದರು, ಪೆಟ್ಟಿಗೆಯಿಂದ ಅದೇ ದಿನ ತೆಗೆದು ಉಟ್ಟಂತೆ. ಮೊರಿತಾ ಸಾನ್ ಆ ಮಡಿಕೆಯನ್ನು ಇನ್ನಷ್ಟು ದೊಡ್ಡದು ಮಾಡಿ ನೋಡಿದರು. ಆಮೇಲೆ ಅನ್ವಿಯ ಕಡೆ ತಿರುಗಿ ಕೇಳಿದ್ದನ್ನು ಅವಳು ನನಗೆ ದಾಟಿಸಿದಳು. "ಈ ಆರ್ಟಿಸ್ಟ್ ಹೆಸರೇನು ಅಂತ ಕೇಳ್ತಿದಾರೆ."

"ಪದ್ಮಾವತಿ" ಎಂದೆ. ಮೊರಿತಾ ಸಾನ್ ಅಕ್ಷರ ಅಕ್ಷರ ಬಿಡಿಸಿ ಹೇಳಿಕೊಂಡರು, ಕೊನೆಗೆ ಗೌರವದ ಒಂದು ಸಾನ್ ಸೇರಿಸಿ.

"ಇವ್ರೆಲ್ಲ ಈಗ ಎಲ್ಲಿದಾರೆ?" ಎಂದಳು ಅನ್ವಿ, ಪರದೆಯ ಮೇಲಿನವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ.

"ಯಾರೂ ಇಲ್ಲಮ್ಮ. ಬಳೆ ಹಾಕ್ಕೊಂಡಿರೋಳು ಒಬ್ಳು ಇದೀನಿ."

ಮನೆಗೆ ಬರುವಷ್ಟರಲ್ಲಿ ಇವರು ಅನ್ನ ಮಾಡಿ, ಹೀರೇಕಾಯಿ ಸಿಗದೆ ಸೌತೆಕಾಯಿ ಹಾಕಿ ತೊವ್ವೆ ಮಾಡಿಟ್ಟಿದ್ದರು. ಇಲ್ಲಿಯ ಅಕ್ಕಿ ಅಂಟು, ಅನ್ನ ಮುದ್ದೆಯಾಗಿತ್ತು; ಮೇಲೆ ತುಪ್ಪ ಹಾಕಿಕೊಂಡು ಉಪ್ಪಿನಕಾಯಿ ನೆಂಚಿಕೊಂಡು ಮೂವರೂ ಬಟ್ಟಲು ಖಾಲಿ ಮಾಡಿದೆವು. ಅನ್ವಿ ಅಪ್ಪನಿಗೆ ನನ್ನ ಫೋನಿನ ಕಥೆಯನ್ನು ಅಭಿನಯಿಸಿ ತೋರಿಸಿದಳು, ಎರಡು ಸಲ. ಪಾತ್ರೆ ನಾಳೆ ತೊಳೆದರಾಯಿತು ಎಂದು ಹಾಸಿಗೆಯ ಮೇಲೆ ಸುಮ್ಮನೆ ಒರಗಿದ್ದೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವಳು ನಾನು. ಆ ದಿನ ಮೊದಲು ನಿದ್ದೆ ಹೋದವಳೂ ನಾನೇ ಅಂತೆ. ದೀಪ ಆರಿಸಿದ್ದು ಯಾರೆಂದು ನನಗೆ ಗೊತ್ತಿಲ್ಲ.