ಬೀಗರ ಹಾಡಿನ ಎರಡು ಕ್ಯಾಸೆಟ್ಟು

ಮಗಳು ಪಿಯುಸಿ ಮುಗಿಸಿ ಹಾಸ್ಟೆಲ್ಲಿಗೆ ಹೋದ ವರ್ಷ ನಾನು ಎಂ.ಎ.ಗೆ ಕಟ್ಟಿದೆ. ಪಾಠಗಳು ವಿಶ್ವವಿದ್ಯಾಲಯದಿಂದ ಅಂಚೆಯಲ್ಲಿ ಬರುತ್ತಿದ್ದವು. ವಿಷಯ ತೌಲನಿಕ ಸಾಹಿತ್ಯ ಮತ್ತು ಸಂಸ್ಕೃತಿ. ಹಾಗಂದರೇನು ಎಂದು ಕೊಪ್ಪದ ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ, ಇಲ್ಲಿಯದನ್ನೂ ಅಲ್ಲಿಯದನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಎನ್ನುತ್ತಿದ್ದೆ. "ಅದನ್ನ ನಾವು ದಿನಾ ಮಾಡ್ತೀವಲ್ಲ ಮಾರಾಯ್ತಿ, ಅದಕ್ಕೆ ಫೀಸು ಬೇರೆ ಕಟ್ಬೇಕಾ?" ಎಂದಳು ಎದುರು ಮನೆಯಾಕೆ.

ಎರಡನೇ ವರ್ಷ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ನಾನು ಬೀಗರ ಹಾಡನ್ನು ಆರಿಸಿಕೊಂಡೆ. ಮದುವೆಯ ಊಟದ ಪಂಕ್ತಿಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು, ಅವರು ಇವರನ್ನು ಹಾಡಿನಲ್ಲೇ ಹಂಗಿಸುವುದು ನಮ್ಮಲ್ಲಿ ರೂಢಿ. ಕೂಡಲೇ ತಿರುಗಿ ಹಾಡಲಾಗದವರು ಸೋತಂತೆ. ಅದೇ ವರ್ಷ ನನ್ನ ಅಣ್ಣನ ಮಗಳಿಗೂ ನನ್ನ ಗಂಡನ ತಂಗಿಯ ಮಗನಿಗೂ ಮದುವೆ ಗೊತ್ತಾಗಿತ್ತು. ಅಡ್ಡಗದ್ದೆಯ ತವರಿನಲ್ಲಿ ಅತ್ತಿಗೆ, ಸೀತೂರಿನಲ್ಲಿ ನಾದಿನಿ. ಇಬ್ಬರೂ ಹಾಡಿನಲ್ಲಿ ಗಟ್ಟಿ. ಎರಡು ಕಡೆಗೂ ಬೇಕಾದವಳು ನಾನು, ಇದಕ್ಕಿಂತ ಸಲೀಸಾದ ವಿಷಯ ಇನ್ನಿಲ್ಲ ಎಂದುಕೊಂಡೆ. ಮಾರ್ಗದರ್ಶಕರು ಮಾತ್ರ, "ಹಾಡಿದವರ ಧ್ವನಿ ಬೇಕು. ಕ್ಯಾಸೆಟ್ಟು ಇಲ್ಲದ ಸಂಗ್ರಹಕ್ಕೆ ನಾನು ಸಹಿ ಹಾಕೂದಿಲ್ಲ. ಮನೆಯಲ್ಲೇ ಕೂತು ಹಾಡು ಕಟ್ಟಿ ತರುವವರನ್ನ ಬೇಕಷ್ಟು ನೋಡಿದ್ದೇನೆ" ಎಂದಿದ್ದರು.

ಅಡ್ಡಗದ್ದೆಗೆ ಹೋದಾಗ ಅತ್ತಿಗೆ ಕಡುಬು ಬೇಯಿಸಲು ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಕೊಟ್ಟೆ ಮಾಡುತ್ತಿದ್ದರು. ಟೇಪ್‌ರೆಕಾರ್ಡರ್ ಕಂಡದ್ದೇ ಅವರ ಕೈ ನಿಂತಿತು.

"ಎಂತಕ್ಕೆ ಇದು?"

"ಬೀಗರ ಹಾಡು ಬೇಕಿತ್ತು ಅತ್ತಿಗೆ. ಪರೀಕ್ಷೆಗೆ."

"ಪರೀಕ್ಷೆಗೋ, ಸೀತೂರಿಗೋ?"

ನಾನು ನಕ್ಕೆ. ಅವರು ನಗಲಿಲ್ಲ. "ಅವ್ರದ್ದೂ ಹಿಡ್ಕೊಳ್ತೀಯಾ?"

"ಹೌದು. ಎರಡನ್ನೂ ಹೋಲಿಸಬೇಕಲ್ಲ."

"ನೋಡಿದ್ಯಾ! ನಮ್ದನ್ನ ಅಲ್ಲಿ ಕೇಳಿಸೂದು, ಅವ್ರು ಉತ್ತರ ಕಟ್ಕೊಂಡು ಬರೂದು, ಮದುವೆ ದಿನ ನಾವು ಬಾಯಿ ಬಿಟ್ಕೊಂಡು ನಿಲ್ಲೂದು."

ಕೊನೆಗೆ ಅಣ್ಣ ಹೇಳಿದ ಮೇಲೆ ಕಿಟಕಿ ಮುಚ್ಚಿ ಹಾಡಿದರು. ಒಂದು ಹಾಡನ್ನಂತೂ ದನಿ ತಗ್ಗಿಸಿ ಹೇಳಿ, "ಇದು ಕೊನೆಗೆ ಇಡೂದು. ಇದಕ್ಕೆ ಅವ್ರ ಹತ್ರ ಉತ್ತರ ಇಲ್ಲ" ಎಂದರು. ಮುಗಿದದ್ದೇ ಕ್ಯಾಸೆಟ್ಟನ್ನು ತಾವೇ ಹೊರಗೆ ತೆಗೆದು ಕಪಾಟಿನಲ್ಲಿಟ್ಟು ಕೀಲಿ ತಿರುಗಿಸಿದರು. "ಮದುವೆ ಮುಗೀಲಿ, ಆಮೇಲೆ ನೋಡುವ."

ಸೀತೂರಿನಲ್ಲಿ ನಾದಿನಿ ಕಾಫಿ ಕೊಟ್ಟಳು, ಕೋಡುಬಳೆ ಕೊಟ್ಟಳು, ಹಾಡನ್ನು ಮಾತ್ರ ಕೊಡಲಿಲ್ಲ. "ಅತ್ತಿಗೆ, ನೀವು ಊಟ ಮಾಡೂದು ನಮ್ಮಣ್ಣನ ಮನೇಲಿ, ಸರಿ. ಆದ್ರೆ ಹುಟ್ಟಿದ್ದು ಅಲ್ಲಿ ಅಲ್ವಾ?" ಎಂದಳು. ಕ್ಯಾಸೆಟ್ಟು ಮನೆ ಬಿಟ್ಟು ಹೋಗುವುದಿಲ್ಲ ಎಂದು ನಾನೇ ಮಾತು ಕೊಟ್ಟ ಮೇಲೆ ಹಾಡತೊಡಗಿದಳು. ಕೊನೆಯದಕ್ಕೆ ಬಂದಾಗ ನಾನು ಟೇಪಿನಿಂದ ತಲೆಯೆತ್ತಿ ಅವಳನ್ನೇ ನೋಡಿದೆ.

"ಬೀಗಿತ್ತಿ ಬಂದಳು ಬಿಂಕದಲಿ
ಹೋಳಿಗೆ ಕಟ್ಟಿದಳು ಸೆರಗಿನಲಿ"

ಅತ್ತಿಗೆ ದನಿ ತಗ್ಗಿಸಿ ಹೇಳಿದ ಅದೇ ಹಾಡು, ಅದೇ ಮಟ್ಟು. "ಇದಕ್ಕೆ ಅವ್ರ ಹತ್ರ ಉತ್ತರ ಇಲ್ಲ ನೋಡಿ" ಎಂದು ಅವಳೂ ಅಂದಳು. ಕ್ಯಾಸೆಟ್ಟು ಅಕ್ಕಿ ಡಬ್ಬಿಯ ತಳ ಸೇರಿತು.

ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಆಚೆ ಏನಿತ್ತೋ ನನಗೆ ನೆನಪಿಲ್ಲ. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ದ್ರೋಹ. ಹೇಳದಿದ್ದರೆ ಪಂಕ್ತಿಯಲ್ಲಿ ಸಿಕ್ಕಿಬೀಳುವವಳು ನಾನು. ಅಲ್ಲಿಂದ ಮುಂದೆ ಎರಡೂ ಮನೆಯಿಂದ ಫೋನು: "ಅಲ್ಲಿ ಎಂತ ಹಾಡಿದ್ರು?" ನಾನು ಹವೆ, ಹಾಲು, ಜವಳಿ ಎಂದು ಮಾತು ತೇಲಿಸುತ್ತಿದ್ದೆ. ಅದರಿಂದ ಅನುಮಾನ ಇನ್ನಷ್ಟು ಬಲಿಯಿತು. ನನ್ನ ಗಂಡ ಕೂಡ ಪೇಪರು ಕೆಳಗಿಳಿಸಿ, "ನಿಜ ಹೇಳು, ನೀ ಯಾರ ಕಡೆ?" ಎಂದು ಕೇಳಿದರು.

ಮದುವೆಯ ದಿನ ನಾನು ತುಪ್ಪ ಬಡಿಸುತ್ತಿದ್ದೆ. ಗಂಡಿನ ಕಡೆಯವರ ಎಲೆಗೆ ಹೋಳಿಗೆ ಬಿದ್ದದ್ದೇ ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೊನೆಗೆಂದು ಇಟ್ಟಿದ್ದ ಹಾಡನ್ನೇ ಶುರುಮಾಡಿದರು. ನಾದಿನಿ ಎತ್ತಿದ ತುತ್ತನ್ನು ಎಲೆಗೆ ಬಿಟ್ಟಳು.

"ಅದು ನಮ್ಮ ಹಾಡು! ಅತ್ತಿಗೆ, ಕೊಂಡೋಗಿ ಕೊಟ್ರಲ್ಲ!" ಎಂದು ನನ್ನತ್ತ ಕೂಗಿದಳು.

"ನಿಮ್ದೆಂತ? ನಮ್ಮ ಅಜ್ಜಿ ಹಾಡ್ತಿದ್ದದ್ದು," ಎಂದ ಅತ್ತಿಗೆ ನನ್ನ ಕಡೆ ತಿರುಗಿದರು. "ನಿಂಗೆ ನಾ ಆವತ್ತೇ ಹೇಳಿದ್ದೆ."

"ನಮ್ದು ಅಕ್ಕಿ ಡಬ್ಬಿಯಲ್ಲಿತ್ತು!"

"ನಮ್ದು ಕಪಾಟಲ್ಲಿತ್ತು! ಕೀಲಿ ನನ್ನ ಹತ್ರ!"

ನನ್ನನ್ನು ನಂಬದೆ ಇಟ್ಟುಕೊಂಡ ಕ್ಯಾಸೆಟ್ಟುಗಳೇ ಈಗ ನನ್ನ ಪರ ಸಾಕ್ಷಿ ಹೇಳುತ್ತಿದ್ದವು.

"ಹಂಗಾರೆ ಬಾಯಲ್ಲಿ ತಂದಿರ್ಬೇಕು," ಎಂದಳು ನಾದಿನಿ.

ಸಾರಿನ ಬಕೆಟ್ಟು ಹಿಡಿದಿದ್ದ ಅಣ್ಣ ಅಲ್ಲಿಂದಲೇ ಕೂಗಿದ: "ಇವಳ ಬಾಯಲ್ಲಾ? ಇವಳು ಆರತಿ ಹಾಡಿದ್ರೆ ದೀಪ ಆರಿಹೋಗ್ತಿತ್ತು ಮಾರಾಯ್ರೆ!"

ಪಂಕ್ತಿಯೇ ನಕ್ಕಿತು. ಅವರಿಬ್ಬರು ನಗಲಿಲ್ಲ.

ಪ್ರಬಂಧ ಕಳಿಸುವ ದಿನ ಹತ್ತಿರ ಬಂತು. ಬರೆದದ್ದೆಲ್ಲ ಮುಗಿದಿತ್ತು, ಆ ಜಗಳದ ಮೇಲೆ ಇಬ್ಬರೂ ಕ್ಯಾಸೆಟ್ಟು ಕೊಟ್ಟಿರಲಿಲ್ಲ. ಎರಡು ವರ್ಷದ ಓದು ಹೋಯಿತು ಎಂದು ಕೂತಿದ್ದಾಗ ಒಂದು ಬೆಳಗ್ಗೆ ನಾದಿನಿ ಬಂದಳು, ಚೀಲದಲ್ಲಿ ಬಟ್ಟೆ ಸುತ್ತಿದ ಕ್ಯಾಸೆಟ್ಟು. "ಅವ್ರದ್ದನ್ನ ನಾ ಪೂರ್ತಿ ಕೇಳ್ಬೇಕು. ಕದ್ದಿದ್ದು ಯಾರು ಅಂತ ಆಗ ಗೊತ್ತಾಗ್ತದೆ." ಅಡ್ಡಗದ್ದೆಗೆ ಫೋನು ಮಾಡಿದೆ. ಮಧ್ಯಾಹ್ನದ ಬಸ್ಸಿಗೆ ಅತ್ತಿಗೆಯೂ ತಮ್ಮ ಕ್ಯಾಸೆಟ್ಟು ಹಿಡಿದು ಬಂದಿಳಿದರು.

ಅಡುಗೆಮನೆಯಲ್ಲಿ ಕೂತು ಇದನ್ನೊಂದು ಸಾಲು, ಅದನ್ನೊಂದು ಸಾಲು ಕೇಳಿದೆವು. ನನ್ನ ಪ್ರಬಂಧದಲ್ಲಿ ನಾನೇ ಅಷ್ಟು ಸೂಕ್ಷ್ಮವಾಗಿ ಹೋಲಿಸಿರಲಿಲ್ಲ. ಕೊನೆಗೆ ಒಂದು ವ್ಯತ್ಯಾಸ ಸಿಕ್ಕಿತು. ಅಡ್ಡಗದ್ದೆಯ ಹಾಡಿನಲ್ಲಿ ಹೋಳಿಗೆಯ ವಾಸನೆಗೆ ಬೀಗಿತ್ತಿಯ ಬೆನ್ನು ಹತ್ತುವುದು ನಾಯಿ. ಸೀತೂರಿನದರಲ್ಲಿ ಅವಳ ಗಂಡ.

"ಗಂಡನೇ ಇದ್ದದ್ದು, ನೀವು ನಾಯಿ ಮಾಡ್ಕೊಂಡ್ರಿ," ಎಂದಳು ನಾದಿನಿ.

"ವಾಸನೆ ಹಿಡಿಯೂದು ಯಾವುದು ಅಂತ ನೀವೇ ಹೇಳಿ ಬೀಗಿತ್ತಿ," ಎಂದರು ಅತ್ತಿಗೆ.

ಒಂದನ್ನಾದರೂ ಕೊಟ್ಟು ಹೋಗಿ ಎಂದು ಬೇಡಿದೆ. ನಾದಿನಿ ಯೋಚಿಸಿ ತನ್ನದನ್ನು ಮುಂದೆ ತಳ್ಳಿದಳು. ಅತ್ತಿಗೆ ಥಟ್ಟನೆ ತಮ್ಮದನ್ನೂ ಇಟ್ಟರು.

"ಅವ್ರದ್ದೊಂದೇ ಹೋದ್ರೆ ಯೂನಿವರ್ಸಿಟಿಯಲ್ಲಿ ಹಾಡು ಸೀತೂರಿಂದು ಅಂತ ಬರ್ಕೊಳ್ತಾರೆ. ನಮ್ದೂ ಹೋಗ್ಲಿ."

ಒಂದರ ಮೇಲೆ ಒಂದು ಇಡಲು ಬಿಡಲಿಲ್ಲ. ಪಕ್ಕಪಕ್ಕ ಇಟ್ಟು ಸುತ್ತಿ, ಅಂಟು ಹಚ್ಚುವ ತನಕ ಇಬ್ಬರೂ ನೋಡುತ್ತಿದ್ದರು. ಅಂಚೆ ಕಚೇರಿಗೂ ಜೊತೆಗೆ ಬಂದರು. ಕಟ್ಟು ತೂಗುತ್ತಿದ್ದವನನ್ನು ಅತ್ತಿಗೆ ಕೇಳಿದರು:

"ಎರಡೂ ಒಟ್ಟಿಗೇ ತಲುಪ್ತದಲ್ವಾ?"

"ಒಂದೇ ಪಾರ್ಸೆಲ್ಲಲ್ವಾ ಅಮ್ಮ?"

"ಆದ್ರೂ," ಎಂದರು ಇಬ್ಬರೂ.